ಪುನರುಕ್ತಿಯ ಗುಣ

ಪುನರುಕ್ತಿಯನ್ನು ನಮ್ಮ ಲಾಕ್ಷಣಿಕರು ಕಾವ್ಯದೋಷಗಳ ಸಾಲಿನಲ್ಲಿ ಸೇರಿಸಿದ್ದಾರೆ. ಹೇಳಿದ್ದನ್ನೇ ಹೇಳುವವನು ಸಭೆಗೆ ಬೇಸರ ತರುತ್ತಾನೆಂಬುದು ನಿಜವೇ. ಆದರೆ ಮಾತು ಬಹುದೂರ ಸಾಗಬೇಕಾದಾಗ ಈ ದೋಷವೇ ಅದನ್ನು ಕಾಯುವ ಗುಣವಾಗುತ್ತದೆ. ಇದರ ಒಳ್ಳೆಯ ನಿದರ್ಶನವೊಂದನ್ನು ನಾನು ಕಾರ್ಕಳದ ಬೆಟ್ಟದ ಮೇಲೆ ಕಾಣುತ್ತೇನೆ.

ಅಲ್ಲಿಯ ಗೊಮ್ಮಟಮೂರ್ತಿಯನ್ನು ವೀರಪಾಂಡ್ಯನು ಪ್ರತಿಷ್ಠಾಪಿಸಿದ್ದು 1432ರ ಫೆಬ್ರವರಿ 13ರಂದು. ದಿನವನ್ನು ಇಷ್ಟು ಖಚಿತವಾಗಿ ಹೇಳಲು ನಮಗೆ ಆಧಾರ ಮೂರ್ತಿಯ ಪಕ್ಕದ ಸಂಸ್ಕೃತ ಶಾಸನ. ಅದನ್ನು ರಚಿಸಿದವನು ಶಕವರ್ಷ 1353 ಎಂಬುದನ್ನು, ಶರವೆಂದರೆ 5, ಇಂದುವೆಂದರೆ 1 ಎಂಬಂಥ ಪದಸಂಕೇತಗಳಲ್ಲಿ ಹೇಳಿ ಸುಮ್ಮನಾಗಲಿಲ್ಲ. ವಿರೋಧಿಕೃತ್ ಸಂವತ್ಸರ, ಫಾಲ್ಗುಣ ಶುದ್ಧ ದ್ವಾದಶಿ, ಬುಧವಾರ ಎಂದೂ ಸೇರಿಸಿದ. ವರ್ಷದ ಅಂಕಿಯೊಂದು ಮಳೆಗಾಳಿಗೆ ಸವೆದಿದ್ದರೂ 60 ವರ್ಷಕ್ಕೊಮ್ಮೆ ಮರಳುವ ಸಂವತ್ಸರದ ಹೆಸರು ಅದನ್ನು ತುಂಬಿಕೊಡಲು ನೆರವಾಗುತ್ತಿತ್ತು. ತಿಥಿಯಲ್ಲಿ ತಪ್ಪಿದ್ದರೆ ವಾರವು ಅದಕ್ಕೆ ಎದುರುಸಾಕ್ಷಿ ನುಡಿಯುತ್ತಿತ್ತು. ಒಂದೇ ಮಾತನ್ನು ಮೂರು ಬಾರಿ ಕೂಗುವುದಲ್ಲ. ಒಂದೇ ಸಂಗತಿಯನ್ನು ಬೇರೆ ಬೇರೆ ಅಳತೆಗಳಿಂದ ಕಟ್ಟಿಹಾಕುವುದು ಇಲ್ಲಿಯ ಜಾಣ್ಮೆ.

ಐನೂರು ವರ್ಷಗಳು ಕಳೆದ ಮೇಲೆ ಇದೇ ಜಾಣ್ಮೆ ಅಮೆರಿಕದಲ್ಲಿ ಗಣಿತಶಾಸ್ತ್ರವಾಯಿತು. ಎಷ್ಟೇ ಗದ್ದಲದ ದಾರಿಯಾದರೂ ಒಂದು ವೇಗಮಿತಿಯೊಳಗೆ ಸುದ್ದಿಯನ್ನು ಬೇಕಾದಷ್ಟು ನಿರ್ದುಷ್ಟವಾಗಿ ಕಳಿಸಬಹುದೆಂದು 1948ರಲ್ಲಿ ಕ್ಲಾಡ್ ಶ್ಯಾನನ್ ಸಾಧಿಸಿ ತೋರಿಸಿದ. 1950ರಲ್ಲಿ ರಿಚರ್ಡ್ ಹ್ಯಾಮಿಂಗ್ ಒಂದು ಉಪಾಯವನ್ನು ಪ್ರಕಟಿಸಿದ. ಸೊನ್ನೆ-ಒಂದುಗಳ ನಾಲ್ಕು ಅಂಕಿಗಳ ಸುದ್ದಿಗೆ ಮೂರು ಕಾವಲು ಅಂಕಿಗಳು. ಪ್ರತಿಯೊಂದು ಕಾವಲಂಕಿಯೂ ಸುದ್ದಿಯ ಬೇರೆ ಬೇರೆ ಮೂರು ಅಂಕಿಗಳಿಗೆ ಸಾಕ್ಷಿ. ಯಾವ ಯಾವ ಸಾಕ್ಷಿಗಳು ತಕರಾರೆತ್ತಿದವೆಂದು ನೋಡಿದರೆ ಕೆಟ್ಟುಹೋದ ಅಂಕಿ ಯಾವುದೆಂದು ತಾನಾಗಿ ತಿಳಿಯುತ್ತದೆ.

ಆದರೆ ನಾಲ್ಕರ ಸುದ್ದಿಗೆ ಮೂರರ ಕಾವಲೆಂದರೆ ದುಬಾರಿಯೇ. ಎಲ್ಲಿ ಎಷ್ಟು ಕಾವಲು ಬೇಕೆಂದು ತಿಳಿಯುವುದು ಹೇಗೆ? 1901ರಲ್ಲಿ ಕಟ್ಟಿದ ಕಾಪುವಿನ ದೀಪಸ್ತಂಭವನ್ನು ನೋಡಿ. ಹತ್ತಿರದ ದೋಣಿಗೂ ದೂರದ ಹಡಗಿಗೂ ಅದು ಬೀರುವುದು ಒಂದೇ ಬೆಳಕು; ಕಂಡಿತೇ ಎಂದು ಕೇಳುವ ಉಪಾಯ ಅದಕ್ಕಿಲ್ಲ. ಇಂದಿನ ಮೊಬೈಲ್ ಗೋಪುರಕ್ಕೆ ಅದಿದೆ. ಸಂಕೇತ ಎಷ್ಟು ಸ್ಪಷ್ಟವಾಗಿ ಕೇಳಿಸುತ್ತಿದೆಯೆಂದು ನಮ್ಮ ಕಿಸೆಯ ಫೋನು ಮತ್ತೆ ಮತ್ತೆ ವರದಿ ಮಾಡುತ್ತಿರುತ್ತದೆ. ಮಣಿಪಾಲದಲ್ಲಿ ಗೋಪುರದ ಬುಡದಲ್ಲೇ ಇದ್ದವರಿಗೆ ಅಲೆಯ ಒಂದೊಂದು ಮಿಡಿತದಲ್ಲೂ ಆರು ಅಂಕಿಗಳನ್ನು ಹೇರಿ ಕಳಿಸಬಹುದು, ಕಾವಲೂ ಕಡಮೆ ಸಾಕು. ಗೋಪುರ ದೂರವಾದಂತೆ ಆರು ನಾಲ್ಕಾಗಿ, ನಾಲ್ಕು ಎರಡಾಗಿ, ಕಾವಲು ಹೆಚ್ಚುತ್ತದೆ. ಇಂಜಿನಿಯರರು ಇದನ್ನು ಅಡಾಪ್ಟಿವ್ ಮಾಡ್ಯುಲೇಷನ್ ಎನ್ನುತ್ತಾರೆ. ಉಡುಪಿಯ ರಾಜಾಂಗಣದಲ್ಲಿ ಪ್ರವಚನ ಹೇಳುವವರು ಸಭೆಯ ಮುಖ ನೋಡಿ ಮಾತನ್ನು ಬಿಗಿಗೊಳಿಸುವುದು, ಸಡಿಲಿಸುವುದು ಇದೇ ಅಲ್ಲವೆ?

ಕಾರ್ಕಳದ ಶಾಸನಕಾರನಿಗೆ ಆ ಅನುಕೂಲವಿರಲಿಲ್ಲ. ತನ್ನ ಓದುಗನ ಮುಖವನ್ನು ಅವನು ಕಾಣುವಂತಿರಲಿಲ್ಲ. ಕೇಳಿಸಲಿಲ್ಲವೆಂದು ಅವನಿಗೆ ಹೇಳಿಕಳಿಸುವ ದಾರಿಯೂ ನಮಗಿಲ್ಲ. ಆದುದರಿಂದ ಅವನು ಕಾವಲಿನಲ್ಲಿ ಜಿಪುಣತನ ತೋರಲಿಲ್ಲ. ನಮ್ಮ ಮನೆಗಳ ಹಳೆಯ ಕಾಗದಗಳಲ್ಲಿ ಎಷ್ಟೋ ಕಡೆ ತಲೆಯ ಮೇಲೆ ಬರಿಯ ‘ಸೋಮವಾರ’ ಎಂದಿರುತ್ತದೆ. ಬರೆದ ವಾರ ಅಷ್ಟು ಸಾಕಾಗಿತ್ತು. ಇಂದು ಅದನ್ನು ಕೈಯಲ್ಲಿ ಹಿಡಿದ ಮೊಮ್ಮಕ್ಕಳಿಗೆ ಅದು ಯಾವ ವರ್ಷದ ಸೋಮವಾರವೆಂದು ತಿಳಿಸಿಕೊಡುವ ಎರಡನೆಯ ಸಾಕ್ಷಿಯಿಲ್ಲ.