ಪಾಚಿ, ಮೈಲುತುತ್ತ ಮತ್ತು ಐದಾರು ಬಸವನಹುಳು

ವಾರಾವಾರ ಮೈಕಿನ ಮುಂದೆ ಕೂತು ಮಾತಾಡುವವನು ಈ ಸಲ ಪೆನ್ನು ಹಿಡಿದಿದ್ದೇನೆ. ವಿಷಯ, ಮನೆಯ ಮೀನಿನ ತೊಟ್ಟಿಗೆ ಕಟ್ಟುವ ಪಾಚಿ. "ಇದಕ್ಕೂ ಒಂದು ಇತಿಹಾಸವೇ?" ಅಂತ ನಗಬೇಡಿ. ಆ ಇತಿಹಾಸ ಗೊತ್ತಿಲ್ಲದೆ ನಾನು ಮಾಡಿಕೊಂಡ ಎಡವಟ್ಟಿನಿಂದಲೇ ಶುರು ಮಾಡುತ್ತೇನೆ.

ನಮ್ಮ ಮನೆ ಅಣ್ಣಾ ನಗರದಲ್ಲಿ. 1968ರ ವ್ಯಾಪಾರ ಮೇಳಕ್ಕಾಗಿ ಕಟ್ಟಿದ, ನಮ್ಮ ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರಿನ ಗೋಪುರ ಇರುವ ಬಡಾವಣೆ ಇದು. ಅಪ್ಪ ತೀರಿಕೊಂಡ ಮೇಲೆ ಅಮ್ಮ ಮಲೆನಾಡಿನ ಊರು ಬಿಟ್ಟು ನಮ್ಮ ಜೊತೆ ಇರೋಕೆ ಬಂದರು. ಅವರಿಗೆ ತಮಿಳು ಬಾರದು, ಟಿವಿ ಬೇಡ. ಇಡೀ ದಿನ ಮನೆಯಲ್ಲಿ ಒಬ್ಬರೇ. ಹತ್ತಿರದ ಕೊಳತ್ತೂರು ಬಣ್ಣದ ಮೀನು ಸಾಕಿ ಮಾರುವವರ ಊರೆಂದೇ ಹೆಸರುವಾಸಿ. ಅಲ್ಲಿಂದ ಒಂದು ಗಾಜಿನ ತೊಟ್ಟಿ, ನಾಲ್ಕು ಗೋಲ್ಡ್ ಫಿಶ್, ಒಂದಿಷ್ಟು ಬಸವನಹುಳು ತಂದು ಅವರ ಕುರ್ಚಿಯ ಎದುರಿಗೆ, ಕಿಟಕಿಯ ಪಕ್ಕ ಇಟ್ಟೆ. ಮೂರೇ ದಿನಕ್ಕೆ ಅಮ್ಮ ಮೀನುಗಳ ಜೊತೆ ಕನ್ನಡದಲ್ಲಿ ಮಾತಿಗೆ ಶುರು ಹಚ್ಚಿಕೊಂಡರು!

ಎರಡು ತಿಂಗಳು ಕಳೆಯುವಷ್ಟರಲ್ಲಿ ಗಾಜೆಲ್ಲ ಹಸಿರು, ನೀರೂ ಹಸಿರು. ಎಷ್ಟು ಉಜ್ಜಿದರೂ ವಾರಕ್ಕೆ ಮತ್ತೆ ಅದೇ. ಯಾರೋ ಅಂಗಡಿಯವರು ನೀಲಿ ದ್ರವದ ಒಂದು ಪುಟ್ಟ ಬಾಟಲಿ ಕೊಟ್ಟರು. ಬೇಗ ಮುಗಿಯಲಿ ಅಂತ ಹೇಳಿದ್ದಕ್ಕಿಂತ ಒಂದಿಷ್ಟು ಜಾಸ್ತಿಯೇ ಸುರಿದೆ. ಮಾರನೆಯ ದಿನ ಬಸವನಹುಳುಗಳೆಲ್ಲ ತಳದಲ್ಲಿ ಸತ್ತು ಬಿದ್ದಿದ್ದವು. ಅದರ ಮರುದಿನ ಒಂದು ಮೀನೂ ಹೋಯಿತು. ಅಮ್ಮ ಬಾಟಲಿಯ ಬಣ್ಣ ನೋಡಿ ಒಂದೇ ಮಾತು ಕೇಳಿದರು: "ಇದು ಅಡಿಕೆಗೆ ಹೊಡೆಯೋ ಮೈಲುತುತ್ತ ಅಲ್ವೇನೋ?"

ಹೌದು, ಅದೇ. ಚೀಟಿಯ ಮೇಲೆ ಸಣ್ಣಕ್ಷರದಲ್ಲಿ ಕಾಪರ್ ಸಲ್ಫೇಟ್ ಎಂದಿತ್ತು. ಅಂದು ರಾತ್ರಿ ನಿದ್ದೆ ಬರಲಿಲ್ಲ. ಆಮೇಲೆ ಓದುತ್ತಾ ಹೋದಂತೆ ಈ ಕಥೆ ಬಿಚ್ಚಿಕೊಂಡಿತು.

ಮನೆಯೊಳಗಿನ ಮೀನಿನ ತೊಟ್ಟಿಯ ಕಥೆಯಲ್ಲಿ ದೊಡ್ಡ ಹೆಸರು ಲಂಡನ್ನಿನ ರಸಾಯನಶಾಸ್ತ್ರಜ್ಞ ರಾಬರ್ಟ್ ವಾರಿಂಗ್‌ಟನ್ ಅವರದು. 1845ರಲ್ಲಿ ಇಂಗ್ಲೆಂಡಿನಲ್ಲಿ ಗಾಜಿನ ಮೇಲಿನ ತೆರಿಗೆ ರದ್ದಾಗಿ ಗಾಜು ಅಗ್ಗವಾಗಿತ್ತು. 1849ರಲ್ಲಿ ವಾರಿಂಗ್‌ಟನ್ ಒಂದು ಗಾಜಿನ ಪಾತ್ರೆಯಲ್ಲಿ ಎರಡು ಗೋಲ್ಡ್ ಫಿಶ್ ಬಿಟ್ಟು, ವ್ಯಾಲಿಸ್ನೇರಿಯಾ ಎಂಬ ನೀರುಗಿಡ ನೆಟ್ಟರು. ಗಿಡ ಆಮ್ಲಜನಕ ಕೊಟ್ಟರೆ ನೀರು ಬದಲಿಸದೆಯೇ ಮೀನು ಬದುಕುತ್ತದೆಯೇ ಎಂದು ನೋಡುವುದು ಅವರ ಉದ್ದೇಶ. ಮೊದಮೊದಲು ಎಲ್ಲ ಸರಿಯಿತ್ತು. ಆಮೇಲೆ ಎಲೆಗಳು ಕೊಳೆತು, ಹಸಿರು ಲೋಳೆ ಕಟ್ಟಿ, ನೀರು ಕದಡಿತು. ನಮ್ಮ ಮನೆಯಲ್ಲಿ ಆದದ್ದೇ!

ಅವರು ಅದಕ್ಕೆ ಔಷಧಿ ಹುಡುಕಲಿಲ್ಲ. ಕೊಳದಲ್ಲಿ ಈ ಕೊಳೆಯನ್ನೆಲ್ಲ ಯಾರು ತಿನ್ನುತ್ತಾರೆ ಎಂದು ಯೋಚಿಸಿ ಐದಾರು ಬಸವನಹುಳು ತಂದು ಬಿಟ್ಟರು. ಅವು ಲೋಳೆ, ಕೊಳೆತ ಎಲೆ ತಿಂದು ನೀರನ್ನು ತಿಳಿಯಾಗಿಸಿದವು. ಅವುಗಳ ಮೊಟ್ಟೆ ಮೀನುಗಳಿಗೆ ಆಹಾರವಾಯಿತು. 1850ರಲ್ಲಿ ಅವರು ಇದನ್ನು ಲಂಡನ್ನಿನ ಕೆಮಿಕಲ್ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟಿಸಿದರು. 1853ರಲ್ಲಿ ಲಂಡನ್ನಿನ ಮೃಗಾಲಯದಲ್ಲಿ ಸಾರ್ವಜನಿಕ ಮತ್ಸ್ಯಾಗಾರ ತೆರೆಯಿತು. ಮರುವರ್ಷ ಫಿಲಿಪ್ ಹೆನ್ರಿ ಗಾಸ್ ಅವರ 'ದಿ ಅಕ್ವೇರಿಯಂ' ಪುಸ್ತಕ ಬಂತು, ಅಲ್ಲಿಂದ ಮನೆಮನೆಗೂ ಅಕ್ವೇರಿಯಂ ಹುಚ್ಚು ಹಬ್ಬಿತು. ಯೋಚಿಸಿ, ಮೊದಲ ತೊಟ್ಟಿಗಳನ್ನು ಕಾದದ್ದೇ ಬಸವನಹುಳು. ನಾನು ಕೊಂದದ್ದು ಅದನ್ನೇ.

ಎರಡನೆಯ ಪಾಠ ಬೆಳಕಿನದು. ಲಂಡನ್ನಿನ ಕ್ರಿಸ್ಟಲ್ ಪ್ಯಾಲೆಸ್‌ನಲ್ಲಿ 1871ರಲ್ಲಿ ತೆರೆದ ಅಕ್ವೇರಿಯಂಗೆ ಡಬ್ಲ್ಯೂ. ಎ. ಲಾಯ್ಡ್ ನೆಲದಡಿ ಒಂದು ಭಾರಿ ಕತ್ತಲ ತೊಟ್ಟಿ ಕಟ್ಟಿಸಿದರು. ಮೇಲಿನ ತೊಟ್ಟಿಗಳ ನೀರು ಸದಾ ಆ ಕತ್ತಲೆಗೆ ಇಳಿದು, ಮತ್ತೆ ಮೇಲೆ ಹತ್ತುತ್ತಿತ್ತು. ಬೆಳಕಿಲ್ಲದ ಕಡೆ ಪಾಚಿ ಬೆಳೆಯದು. ನಮ್ಮ ಮದ್ರಾಸೂ ಹಿಂದೆ ಬೀಳಲಿಲ್ಲ. 1909ರಲ್ಲೇ ಮರೀನಾ ದಂಡೆಯಲ್ಲಿ ಸಾರ್ವಜನಿಕ ಅಕ್ವೇರಿಯಂ ತೆರೆಯಿತು. ಎರಡನೆಯ ಮಹಾಯುದ್ಧದ ಹೊತ್ತಿಗೆ ಅದು ಮುಚ್ಚಿಹೋಯಿತು.

ಮೈಲುತುತ್ತ ಈ ಕಥೆಗೆ ಹೇಗೆ ಬಂತು? 1904ರಲ್ಲಿ ಅಮೆರಿಕದ ಕೃಷಿ ಇಲಾಖೆಯ ಮೂರ್ ಮತ್ತು ಕೆಲರ್‌ಮನ್, ಕುಡಿಯುವ ನೀರಿನ ಜಲಾಶಯಗಳ ಪಾಚಿಯನ್ನು ಅತ್ಯಲ್ಪ ಕಾಪರ್ ಸಲ್ಫೇಟ್ ಕೊಲ್ಲುತ್ತದೆ ಎಂದು ತೋರಿಸಿದರು. ಅದೇ ಕಾಲದಲ್ಲಿ ಮೈಸೂರು ಸಂಸ್ಥಾನದ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್‌ಮನ್, ಅಡಿಕೆಯ ಕೊಳೆರೋಗಕ್ಕೆ ಮೈಲುತುತ್ತ-ಸುಣ್ಣದ ಬೋರ್ಡೋ ದ್ರಾವಣ ಹೊಡೆಯುವುದನ್ನು ಮಲೆನಾಡಿಗೆ ಕಲಿಸಿದರು. ಅಮ್ಮನಿಗೆ ಆ ನೀಲಿ ಬಣ್ಣದ ಗುರುತು ಹತ್ತಿದ್ದು ಅಲ್ಲಿಂದ. ತೋಟಕ್ಕೆ, ಜಲಾಶಯಕ್ಕೆ ಅದು ಉಪಕಾರಿಯೇ ಇರಬಹುದು. ಆದರೆ ತಾಮ್ರ ಬಸವನಹುಳು, ಸೀಗಡಿಗಳಿಗೆ ವಿಷ, ಜಾಸ್ತಿಯಾದರೆ ಮೀನಿಗೂ. ಸತ್ತ ಪಾಚಿ ಕೊಳೆಯುವಾಗ ನೀರಿನ ಆಮ್ಲಜನಕವನ್ನೂ ಹೀರಿಬಿಡುತ್ತದೆ. ಪಾಚಿಗೆ ಊಟವಾಗಿದ್ದ ಗೊಬ್ಬರ ಮಾತ್ರ ನೀರಿನಲ್ಲೇ ಉಳಿಯುತ್ತದೆ, ಔಷಧಿ ತೀರಿದೊಡನೆ ಪಾಚಿ ಮತ್ತೆ ಹಾಜರ್!

ಆ ಗೊಬ್ಬರ ಎಲ್ಲಿಂದ? ನಾವು ಹಾಕುವ ತಿಂಡಿಯಿಂದಲೇ. ಮೀನಿನ ಹೇಲು, ಉಳಿದ ಕಾಳು ಕೊಳೆತು ಅಮೋನಿಯಾ ಆಗುತ್ತದೆ. ಬ್ಯಾಕ್ಟೀರಿಯಾಗಳು ಅದನ್ನು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡುತ್ತವೆ. ನೈಟ್ರೇಟ್, ಫಾಸ್ಫೇಟ್, ಚೆನ್ನೈನ ಬಿಸಿಲು ಮೂರೂ ಸೇರಿದರೆ ಪಾಚಿಗೆ ಹಬ್ಬ. 'ನಿಂತ ನೀರಿಗೆ ಪಾಚಿ' ಎಂಬ ನಮ್ಮ ಮಾತು ಅರ್ಧ ಮಾತ್ರ ನಿಜ. ಮೋಟಾರ್ ಹಾಕಿ ಓಡಿಸುವ ನೀರಿಗೂ ಪಾಚಿ ಕಟ್ಟುತ್ತದೆ.

ಪಾಚಿಯನ್ನು ಶತ್ರುವಿನಂತೆ ನೋಡದೆ ಓದಿದವರು ಇದೇ ಊರಿನಲ್ಲಿದ್ದರು. ಮದ್ರಾಸ್ ವಿಶ್ವವಿದ್ಯಾಲಯದ ಪ್ರೊ. ಎಂ.ಓ.ಪಿ. ಅಯ್ಯಂಗಾರ್ ಅವರನ್ನು ಭಾರತದ ಪಾಚಿಶಾಸ್ತ್ರದ ಪಿತಾಮಹ ಎನ್ನುತ್ತಾರೆ. ಅವರ ಶಿಷ್ಯ ಟಿ.ವಿ. ದೇಶಿಕಾಚಾರಿಯವರು ನೀಲಿ-ಹಸಿರು ಪಾಚಿಗಳ ಬಗ್ಗೆ 1959ರಲ್ಲಿ ಬರೆದ ಗ್ರಂಥ ಜಗತ್ತಿನೆಲ್ಲೆಡೆ ಆಕರವಾಯಿತು. 1940ರಲ್ಲಿ ಎಸ್.ವಿ. ಗಣಪತಿಯವರು ವರ್ಷವಿಡೀ ಹಸಿರಾಗಿಯೇ ಇರುವ ಒಂದು ದೇವಸ್ಥಾನದ ಕೊಳದ ಬಗ್ಗೆ ಪ್ರಬಂಧ ಬರೆದರು. ಅಂದಹಾಗೆ, ತಮಿಳಿನ 'ಪಾಸಿ'ಯೂ ನಮ್ಮ 'ಪಾಚಿ'ಯೂ ಒಂದೇ ಬೇರಿನ ಮಾತುಗಳು. ಅಮ್ಮ ಕೆಲಸದವರ ಹತ್ತಿರ ಕಲಿತ ಮೊದಲ ತಮಿಳು ಪದ ಅದೇ!

ಓದಿದ ಮೇಲೆ ಮಾಡಿದ್ದಿಷ್ಟು. ಅರ್ಧರ್ಧ ನೀರು ಹಲವು ಸಲ ಬದಲಿಸಿ ತಾಮ್ರದ ಅಂಶ ಇಳಿಸಿದೆ. ತೊಟ್ಟಿಯನ್ನು ಕಿಟಕಿಯಿಂದ ದೂರ ಸರಿಸಿದೆ. ಹಸಿರು ನೀರಿಗೆ ನಾಲ್ಕು ದಿನ ಕಂಬಳಿ ಹೊದಿಸಿ ಕತ್ತಲು ಮಾಡಿದೆ, ಗಾಳಿಯ ಪಂಪು ಮಾತ್ರ ನಿಲ್ಲಿಸಲಿಲ್ಲ. ಈಗ ದೀಪ ದಿನಕ್ಕೆ 6ರಿಂದ 8 ಗಂಟೆ ಮಾತ್ರ. ವಾರಕ್ಕೊಮ್ಮೆ ಕಾಲುಭಾಗ ನೀರು ಬದಲು, ಅದೂ ಕ್ಲೋರಿನ್ ತೆಗೆದ ನೀರು. ಎರಡು ನಿಮಿಷದಲ್ಲಿ ಮೀನು ತಿಂದು ಮುಗಿಸುವಷ್ಟೇ ತಿಂಡಿ. ಒಂದಿಷ್ಟು ನೀರುಗಿಡ. ಪಾಚಿ ತಿನ್ನಲಿ ಅಂತ ಸಕ್ಕರ್ ಮೀನು ತರಲಿಲ್ಲ. ಅದು ಒಂದು ಅಡಿಗೂ ಮೀರಿ ಬೆಳೆಯುತ್ತದೆ, ಸಾಕಲಾರದೆ ಜನ ಕೆರೆಗೆ ಬಿಟ್ಟು ಈಗ ದೇಶದ ಎಷ್ಟೋ ಕೆರೆ-ಹೊಳೆಗಳಲ್ಲಿ ಅದು ಸ್ಥಳೀಯ ಮೀನುಗಳಿಗೆ ಕಂಟಕವಾಗಿದೆ. ದಯವಿಟ್ಟು ನೀವೂ ಬಿಡಬೇಡಿ.

ತಿಂಡಿ ಕಮ್ಮಿ ಮಾಡುವುದೇ ಎಲ್ಲಕ್ಕಿಂತ ಕಷ್ಟವಾಯಿತು. ಅಮ್ಮ ದಿನಕ್ಕೆ ಐದಾರು ಸಲ ಕಾಳು ಹಾಕುತ್ತಿದ್ದರು. ಬೇಡ ಅನ್ನೋಕೆ ನನಗೆ ಬಾಯಿ ಬರಲಿಲ್ಲ. ಕೊನೆಗೆ ನೈಟ್ರೇಟಿನ ಕಥೆ ಹೇಳಿದೆ. "ಅಂದ್ರೆ ಪ್ರೀತಿ ಜಾಸ್ತಿಯಾದ್ರೂ ಪಾಚಿ ಕಟ್ಟುತ್ತೆ ಅನ್ನು" ಎಂದರು. ಈಗ ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಹಾಕುತ್ತಾರೆ. ಮಾತು ಮಾತ್ರ ಇಡೀ ದಿನ.

ಮೂರು ಮೀನು ಚೆನ್ನಾಗಿವೆ. ತಾಮ್ರದ ಅಂಶ ಹೋಗಿದೆ ಎಂದು ಖಾತ್ರಿಯಾದ ಮೇಲೆ, ಕಳೆದ ತಿಂಗಳು ಬಸವನಹುಳು ತಂದೆ. ಲೆಕ್ಕ ಹಾಕಿ ಆರೇ ಆರು. ಹಿಂಬದಿಯ ಗಾಜಿನಲ್ಲಿ ಸ್ವಲ್ಪ ಪಾಚಿಯನ್ನು ಅವುಗಳಿಗೆಂದೇ ಬಿಟ್ಟಿದ್ದೇನೆ.

ಮತ್ತೆ ಗಾಳಿಯಲ್ಲಿ ಸಿಗೋಣ. ನಿಮ್ಮ ಮನೆ ತೊಟ್ಟಿಯ ಕಥೆಯನ್ನೂ ನಮಗೆ ಬರೆಯಿರಿ, ಕಾಯುತ್ತಿರುತ್ತೇನೆ.