ತೋಟಾ ತುಂಬುವ ಕೈಗೆಲಸವೂ ಸಣ್ಣ ರೈಫಲ್ಲಿನ ಚರಿತ್ರೆಯೂ

ಯಂತ್ರಯುಗದಲ್ಲಿ ಹೊಸ ವಸ್ತುವೆಲ್ಲವೂ ಕಾರ್ಖಾನೆಯಲ್ಲಿ ಹುಟ್ಟಿ ಅಲ್ಲಿಂದ ಜನರ ಕೈಗೆ ಬರುತ್ತದೆಂಬುದು ಸಾಮಾನ್ಯವಾದ ಭಾವನೆ. ಬೇಟೆಯ ಕೋವಿಯ ಮದ್ದುಗುಂಡುಗಳ ಚರಿತ್ರೆಯನ್ನೂ ಈ ಕ್ರಮದಲ್ಲಿಯೇ ಹೇಳುವುದು ವಾಡಿಕೆಯಾಗಿದೆ. ಆದರೆ ಅಮೆರಿಕಾ ಸಂಯುಕ್ತ ಸಂಸ್ಥಾನಗಳಲ್ಲಿ ೧೮೮೪ರಿಂದ ೧೯೬೫ರ ವರೆಗೆ ಸಣ್ಣ ನಳಿಗೆಯ ಬೇಟೆ ರೈಫಲ್ಲು ಬೆಳೆದುಬಂದ ಬಗೆಯನ್ನು ಪರಿಶೀಲಿಸಿದರೆ, ಅನೇಕ ವೇಳೆ ಈ ಕ್ರಮವು ತಿರುವುಮುರುವಾಗಿರುವುದು ಕಂಡುಬರುತ್ತದೆ.

ತೋಟಾಕ್ಕೆ ನಾಲ್ಕು ಅಂಗಗಳು: ಹಿತ್ತಾಳೆಯ ಕೋಶ, ಅದರ ಬುಡದಲ್ಲಿ ಕೇಪು, ಒಳಗೆ ಮದ್ದು, ಬಾಯಲ್ಲಿ ಗುಂಡು. ಹಾರಿಸಿದ ಮೇಲೆ ಉಳಿಯತಕ್ಕದ್ದು ಕೋಶವೊಂದೇ. ಅದನ್ನು ಬಿಸುಡದೆ ಸರಿಪಡಿಸಿ ಮರಳಿ ತುಂಬುವುದೇ ಇಲ್ಲಿ ಹೇಳುವ ಕೈಗೆಲಸ. ಇದು ಸಾಧ್ಯವಾದುದು ಕೇಪಿನ ರಚನೆಯಿಂದ. ೧೮೬೬ರಲ್ಲಿ ಎರಡು ಬಗೆಯ ಕೇಪುಗಳಿಗೆ ಸನ್ನದು ದೊರೆಯಿತು. ಒಂದು ಇಂಗ್ಲೆಂಡಿನ ಬಾಕ್ಸರನದು, ಇನ್ನೊಂದು ಅಮೆರಿಕಾದ ಬರ್ಡನನದು. ಬರ್ಡನನ ಕೋಶದಲ್ಲಿ ಕಿಡಿ ಹಾಯುವ ರಂಧ್ರಗಳು ನಡುವಿನಿಂದ ಸರಿದಿರುವುದರಿಂದ ಹಳೆಯ ಕೇಪನ್ನು ಕೀಳುವುದು ಪ್ರಯಾಸ. ಬಾಕ್ಸರನ ಬಗೆಯಲ್ಲಿ ರಂಧ್ರವು ನಟ್ಟನಡುವೆ ಒಂದೇ. ಕಡ್ಡಿಯೊಂದನ್ನು ಒತ್ತಿದರೆ ಕೇಪು ಹೊರಬೀಳುತ್ತದೆ. ವಿಚಿತ್ರವೇನೆಂದರೆ, ಅಮೆರಿಕಾದವನ ಕೇಪು ಯೂರೋಪಿನಲ್ಲಿಯೂ ಇಂಗ್ಲಿಷನದು ಅಮೆರಿಕಾದಲ್ಲಿಯೂ ನೆಲೆಗೊಂಡವು. ಮನೆಯಲ್ಲಿ ತೋಟಾ ತುಂಬುವ ರೂಢಿಯು ಅಮೆರಿಕಾದಲ್ಲಿ ಅಷ್ಟು ಹಬ್ಬಿದುದಕ್ಕೆ ಇದೂ ಒಂದು ಕಾರಣವು.

೧೮೮೪ರಲ್ಲಿ ಜಾನ್ ಬಾರ್ಲೋ ಎಂಬಾತನು ಕನೆಕ್ಟಿಕಟ್ ಸಂಸ್ಥಾನದ ನ್ಯೂಹೇವನ್ನಿನಲ್ಲಿ ಐಡಿಯಲ್ ಎಂಬ ಕಂಪೆನಿಯನ್ನು ಸ್ಥಾಪಿಸಿ, ಇಕ್ಕಳದಾಕಾರದ ತುಂಬುವ ಸಾಧನವನ್ನು ಮಾರಾಟಕ್ಕೆ ತಂದನು. ಆಗ ಬಳಕೆಯಲ್ಲಿದ್ದುದು ಕರಿಮದ್ದು. ಅದನ್ನು ಅಳತೆಯ ಬಟ್ಟಲಿನಿಂದ ಹೊಯ್ದರೆ ಸಾಕಾಗಿತ್ತು. ಅದೇ ವರ್ಷ ಫ್ರಾನ್ಸಿನ ವಿಯೇಯ್ ಎಂಬ ರಸಾಯನಜ್ಞನು ಹೊಗೆಯಿಲ್ಲದ ಮದ್ದನ್ನು ಸಿದ್ಧಗೊಳಿಸಿದನು. ಈ ಹೊಸ ಮದ್ದು ಕರಿಮದ್ದಿಗಿಂತ ಬಹಳ ಪ್ರಬಲ. ಕೋಶದ ತುಂಬ ಹೊಯ್ಯುವ ಹಳೆಯ ಅಭ್ಯಾಸವನ್ನು ಇದಕ್ಕೂ ಅನ್ವಯಿಸಿದವನ ಕೋವಿಯು ಅವನ ಮುಖದೆದುರಿನಲ್ಲಿಯೇ ಒಡೆಯಬಹುದಾಗಿತ್ತು. ಆದುದರಿಂದ ಬಟ್ಟಲಿನ ಸ್ಥಾನಕ್ಕೆ ತಕ್ಕಡಿಯು ಬಂದಿತು. ಕಣ್ಣಂದಾಜಿನ ಸ್ಥಾನಕ್ಕೆ ಮುದ್ರಿತವಾದ ಕೋಷ್ಟಕವು ಬಂದಿತು. ಒಂದು ಪೌಂಡಿನ ೭೦೦೦ದಲ್ಲೊಂದು ಪಾಲಾದ ‘ಗ್ರೇನ್’ ಎಂಬ ತೂಕವು ಬೇಟೆಗಾರನ ನಿತ್ಯದ ಮಾತಾಯಿತು. ಗುರುಮುಖದಿಂದ ಕಲಿಯುತ್ತಿದ್ದ ವಿದ್ಯೆಯು ಗ್ರಂಥಸ್ಥವಾದ ಬಗೆ ಇದು. ೧೯೩೭ರಲ್ಲಿ ಫಿಲಿಪ್ ಷಾರ್ಪನು ಪ್ರಕಟಿಸಿದ ಬೃಹತ್ಕೈಪಿಡಿಯು ಇದರ ಫಲವೇ ಆಗಿದೆ.

ಪ್ರಕೃತ ವಿಷಯಕ್ಕೆ ಮುಖ್ಯವಾದ ನಿದರ್ಶನವು ‘ಹಾರ್ನೆಟ್’, ಎಂದರೆ ಕಣಜ, ಎಂಬ ಹೆಸರಿನ ೦.೨೨ ಅಂಗುಲದ ತೋಟಾ. ವಿಂಚೆಸ್ಟರ್ ಕಂಪೆನಿಯು ೧೮೮೫ರಲ್ಲಿ ಹೊರತಂದಿದ್ದ ಕರಿಮದ್ದಿನ ಒಂದು ತೋಟಾವು ೧೯೨೦ರ ದಶಕದ ಹೊತ್ತಿಗೆ ಬಳಕೆ ತಪ್ಪುತ್ತಿದ್ದಿತು. ಸ್ಪ್ರಿಂಗ್‌ಫೀಲ್ಡ್ ಶಸ್ತ್ರಾಗಾರದ ಸಂಬಂಧವಿದ್ದ ವಾಟ್ಕಿನ್ಸ್, ವೀಲನ್, ವುಡ್ವರ್ತ್ ಮೊದಲಾದವರು ಆ ಹಳೆಯ ಕೋಶದಲ್ಲಿ ಹೊಗೆಯಿಲ್ಲದ ಮದ್ದನ್ನೂ ತಾಮ್ರದ ಹೊದಿಕೆಯ ಹಗುರವಾದ ಗುಂಡನ್ನೂ ಇಟ್ಟು ಪ್ರಯೋಗಗಳನ್ನು ನಡೆಸಿದರು. ಸೆಕೆಂಡಿಗೆ ಸುಮಾರು ೧೫೦೦ ಅಡಿಯಿದ್ದ ವೇಗವು ೨೪೦೦ ಅಡಿಗೇರಿತು. ೧೯೩೦ರಲ್ಲಿ ವಿಂಚೆಸ್ಟರ್ ಕಂಪೆನಿಯು ಈ ತೋಟಾವನ್ನು ಮಾರಾಟಕ್ಕೆ ತಂದಾಗ, ಅದಕ್ಕಾಗಿ ಯಾವ ಕಾರ್ಖಾನೆಯೂ ರೈಫಲ್ಲನ್ನು ಮಾಡಿ ಮಾರುತ್ತಿರಲಿಲ್ಲ. ಕೊಳ್ಳುವವರು ಬೇರೆ ರೈಫಲ್ಲುಗಳನ್ನು ಕೊರೆಯಿಸಿ ಹೊಂದಿಸಿಕೊಂಡವರು. ಬೇಡಿಕೆಯು ಮೊದಲು, ಕಾರ್ಖಾನೆಯು ಅನಂತರ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷ್ಯ ಬೇಕಿಲ್ಲ.

ಕಾರ್ಖಾನೆಯ ಮನ್ನಣೆಯಿಲ್ಲದ ಇಂತಹ ತೋಟಾಗಳಿಗೆ ‘ವೈಲ್ಡ್‌ಕ್ಯಾಟ್’, ಎಂದರೆ ಕಾಡುಬೆಕ್ಕು, ಎಂಬ ಅಡ್ಡಹೆಸರಿತ್ತು. ೧೯೩೭ರಲ್ಲಿ ಗೆಬಿ ಮತ್ತು ಸ್ಮಿತ್ ಎಂಬವರು ರೂಪಿಸಿದ ‘ವಾರ್ಮಿಂಟರ್’ ಎಂಬುದು ಇವುಗಳಲ್ಲಿ ಪ್ರಸಿದ್ಧವಾದುದು. ಅದೇ ಬಗೆಯ ೦.೨೨-೨೫೦ ಎಂಬ ತೋಟಾವನ್ನು ರೆಮಿಂಗ್ಟನ್ ಕಂಪೆನಿಯು ಅಂಗೀಕರಿಸಿದುದು ೧೯೬೫ರಲ್ಲಿ. ನಡುವಣ ೨೮ ವರ್ಷಗಳ ಕಾಲ ಅದನ್ನು ಬಾಳಿಸಿದವರು ತಮ್ಮ ಮೇಜಿನ ಮೇಲೆ ತಾವೇ ತುಂಬಿಕೊಳ್ಳುತ್ತಿದ್ದವರು.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಬೇಟೆಗಾರರಿಗೆ ಗುಂಡುಗಳು ದುರ್ಲಭವಾದುವು. ೧೯೪೩ರಲ್ಲಿ ಕ್ಯಾಲಿಫೋರ್ನಿಯಾದ ಓರೋವಿಲ್ಲಿನಲ್ಲಿ ಫ್ರೆಡ್ ಹಂಟಿಂಗ್ಟನ್ ಎಂಬಾತನು ಗುಂಡುಗಳನ್ನು ಅಚ್ಚೊತ್ತುವ ಸಾಧನವೊಂದನ್ನು ಮಾಡಿದನು. ಅಂಚಿನಲ್ಲಿಯೇ ಸ್ಫೋಟಕವುಳ್ಳ ಅಗ್ಗದ ೦.೨೨ ತೋಟಾದ ಕೋಶವು ಮರಳಿ ತುಂಬಲು ಬಾರದು. ಎಲ್ಲರೂ ಅದನ್ನು ಬಿಸುಡುತ್ತಿದ್ದರು. ಅಂತಹ ಕೋಶದ ಅಂಚನ್ನು ಚಪ್ಪಟೆ ಮಾಡಿ, ಒಳಗೆ ಸೀಸವನ್ನಿಟ್ಟು ಒತ್ತಿದರೆ ಹೊದಿಕೆಯುಳ್ಳ ಹೊಸ ಗುಂಡೇ ಸಿದ್ಧವಾಗುತ್ತಿದ್ದಿತು. ಕಸವೆಂದು ಎಣಿಸಿದುದು ಇಲ್ಲಿ ಕಚ್ಚಾವಸ್ತುವಾಯಿತು. ಆ ಸಾಧನದ ಹೆಸರಿನ ಮೊದಲಕ್ಷರಗಳಿಂದ ‘ಆರ್. ಸಿ. ಬಿ. ಎಸ್.’ ಎಂಬ ಉದ್ಯಮವೂ ಬೆಳೆಯಿತು.

ಇದಕ್ಕೆ ಆಕ್ಷೇಪವಿಲ್ಲದಿಲ್ಲ. ಹಾರ್ನೆಟ್ಟಿನ ನಿರ್ಮಾಪಕರು ಸಾಮಾನ್ಯ ಗೃಹಸ್ಥರಲ್ಲ, ಶಸ್ತ್ರವಿದ್ಯೆಯಲ್ಲಿ ನುರಿತವರು. ಅವರು ಬಳಸಿದ ಕೋಶವೂ ಕೇಪೂ ಮದ್ದೂ ಕಾರ್ಖಾನೆಯವೇ. ಇದು ಒಪ್ಪತಕ್ಕ ಮಾತು. ಆದರೆ ಸಾಮಗ್ರಿಯನ್ನು ಒದಗಿಸಿದವನೇ ಕೃತಿಯ ಕರ್ತೃವೆಂದು ಹೇಳಲಾಗದು. ಹಾಗೆ ಹೇಳಿದರೆ ಕಾವ್ಯದ ಕೀರ್ತಿಯು ಓಲೆಗರಿ ಕೊಟ್ಟವನಿಗೆ ಸಲ್ಲಬೇಕಾದೀತು. ತೋಟಾದ ಮೇಲೆ ಅಚ್ಚಾದುದು ಕಂಪೆನಿಯ ಹೆಸರು. ತಪ್ಪಿದರೆ ಕಣ್ಣು ಕೈಗಳನ್ನೇ ಕಳೆದುಕೊಳ್ಳಬಹುದಾದ ಕೆಲಸದಲ್ಲಿ ಗ್ರೇನ್ ಗ್ರೇನಾಗಿ ತೂಗಿ ಪರೀಕ್ಷಿಸಿದವರಲ್ಲಿ ಬಹುಮಂದಿಯ ಹೆಸರು ಎಲ್ಲಿಯೂ ಇಲ್ಲ. ಶಿಲ್ಪವಿದ್ಯೆಗಳ ಚರಿತ್ರೆಯನ್ನು ಬರೆಯುವವರು ಕಂಪೆನಿಗಳ ಬೆಲೆಪಟ್ಟಿಗಳ ಜೊತೆಗೆ ಈ ಕೈಗೆಲಸದವರ ಟಿಪ್ಪಣಿಗಳನ್ನೂ ಪ್ರಮಾಣವೆಂದು ಗ್ರಹಿಸುವುದು ನ್ಯಾಯ.