ವ್ಯಸನ ಮತ್ತು ವಂಶಪಾರಂಪರ್ಯ: ಸಾರ್ವಜನಿಕರಿಗೆ ಮಾಹಿತಿ

ಪೀಠಿಕೆ

ತುಬಚಿ ಗ್ರಾಮವೂ ಸೇರಿದಂತೆ ಜಮಖಂಡಿ, ಮುಧೋಳ, ಬೀಳಗಿ ಹಾಗೂ ರಬಕವಿ-ಬನಹಟ್ಟಿ ತಾಲ್ಲೂಕುಗಳ ಸಾರ್ವಜನಿಕರ ಉಪಯೋಗಕ್ಕಾಗಿ ಈ ಮಾಹಿತಿಯನ್ನು ನೀಡಲಾಗಿದೆ. ಮದ್ಯ ಹಾಗೂ ತಂಬಾಕಿನ ವ್ಯಸನದ ಬಗ್ಗೆ ಎರಡು ನಂಬಿಕೆಗಳು ಪ್ರಚಲಿತವಾಗಿವೆ. “ಅದು ರಕ್ತದಲ್ಲಿಯೇ ಬಂದದ್ದು, ಬಿಡಿಸಲಾಗದು” ಎಂಬುದು ಒಂದು. “ಮನಸ್ಸು ಗಟ್ಟಿಯಿದ್ದರೆ ಯಾರಾದರೂ ಬಿಡಬಹುದು” ಎಂಬುದು ಇನ್ನೊಂದು. ಇವೆರಡೂ ಅರ್ಧಸತ್ಯಗಳಾಗಿದ್ದು, ಚಿಕಿತ್ಸೆಗೆ ಬರುವುದನ್ನು ತಡಮಾಡಿಸುತ್ತವೆ.

1. ವ್ಯಸನ ಎಂದರೇನು?

ಊಟ, ಸ್ನೇಹ, ಸಾಧನೆ ಮುಂತಾದವುಗಳಿಂದ ದೊರೆಯುವ ತೃಪ್ತಿಯನ್ನು ಗುರುತಿಸಿ, ಅದನ್ನು ಮತ್ತೆ ಬಯಸುವಂತೆ ಮಾಡುವ ವ್ಯವಸ್ಥೆಯೊಂದು ಮಿದುಳಿನಲ್ಲಿದೆ. ಇದರಲ್ಲಿ ಡೋಪಮಿನ್ ಎಂಬ ರಾಸಾಯನಿಕವು ಮುಖ್ಯ ಪಾತ್ರ ವಹಿಸುತ್ತದೆ. ಮದ್ಯ, ನಿಕೋಟಿನ್, ಅಫೀಮು ಮೊದಲಾದ ಪದಾರ್ಥಗಳು ಈ ರಾಸಾಯನಿಕದ ಪ್ರಮಾಣವನ್ನು ಅಸಹಜವಾಗಿ ಹೆಚ್ಚಿಸುತ್ತವೆ. ಸೇವನೆ ಮುಂದುವರಿದಂತೆ ಮಿದುಳು ಅದಕ್ಕೆ ಹೊಂದಿಕೊಳ್ಳುತ್ತದೆ. ಅನಂತರ ಆ ಪದಾರ್ಥವಿಲ್ಲದಿದ್ದರೆ ಚಡಪಡಿಕೆ, ನಡುಕ, ನಿದ್ರಾಹೀನತೆ ಉಂಟಾಗುತ್ತವೆ. ಆದುದರಿಂದ ವ್ಯಸನವು ನಡತೆಗೆಟ್ಟದ್ದರ ಗುರುತಲ್ಲ. ಅದು ಚಿಕಿತ್ಸೆಗೆ ಒಳಪಡುವ ಕಾಯಿಲೆಯಾಗಿರುತ್ತದೆ.

2. ಎಲ್ಲರಿಗೂ ಏಕೆ ಬರುವುದಿಲ್ಲ?

ಕೇಂದ್ರ ಸರ್ಕಾರವು 2019ರಲ್ಲಿ ಪ್ರಕಟಿಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ, ದೇಶದ 10ರಿಂದ 75 ವರ್ಷದವರಲ್ಲಿ ಶೇ. 14.6ರಷ್ಟು ಜನರು ಮದ್ಯ ಸೇವಿಸುತ್ತಿದ್ದರು. ಮದ್ಯಕ್ಕೆ ಅವಲಂಬಿತರಾದವರು ಶೇ. 2.7ರಷ್ಟು. ಅಂದರೆ ಕುಡಿಯುವವರಲ್ಲಿ ಸರಿಸುಮಾರು ಐವರಲ್ಲಿ ಒಬ್ಬರು ಅವಲಂಬನೆಗೆ ಒಳಗಾಗಿದ್ದರು. ಈ ಅಂತರಕ್ಕೆ ವಂಶವಾಹಿಗಳು ಒಂದು ಕಾರಣ.

ಡೆನ್ಮಾರ್ಕ್‌ನಲ್ಲಿ 1973ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಮದ್ಯವ್ಯಸನಿಗಳಿಗೆ ಹುಟ್ಟಿ ಶೈಶವದಲ್ಲಿಯೇ ಬೇರೆ ಮನೆಗೆ ದತ್ತು ಹೋದ ಗಂಡುಮಕ್ಕಳಲ್ಲಿ ಮದ್ಯವ್ಯಸನವು ಇತರ ದತ್ತು ಪುತ್ರರಿಗಿಂತ ಸುಮಾರು ನಾಲ್ಕು ಪಟ್ಟು ಹೆಚ್ಚು ಕಂಡುಬಂದಿತು. ಅವಳಿಗಳನ್ನೂ ದತ್ತು ಮಕ್ಕಳನ್ನೂ ಕುರಿತ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಮದ್ಯವ್ಯಸನದ ಅಪಾಯದಲ್ಲಿ ವ್ಯಕ್ತಿಯಿಂದ ವ್ಯಕ್ತಿಗೆ ಇರುವ ವ್ಯತ್ಯಾಸದ ಸುಮಾರು ಅರ್ಧದಷ್ಟು ವಂಶವಾಹಿಗಳಿಂದಲೂ, ಉಳಿದರ್ಧ ಪರಿಸರದಿಂದಲೂ ಬರುವುದು ತಿಳಿದುಬಂದಿದೆ.

3. ವಂಶವಾಹಿಗಳು ಕೆಲಸ ಮಾಡುವ ಬಗೆ

(ಅ) ಗ್ರಾಹಕಗಳು: ರಾಸಾಯನಿಕಗಳು ನರಕೋಶದ ಮೇಲಿನ ಗ್ರಾಹಕಗಳಿಗೆ ಅಂಟಿಕೊಂಡು ಕೆಲಸ ಮಾಡುತ್ತವೆ. ನಿಕೋಟಿನ್ ಗ್ರಾಹಕಕ್ಕೆ ಸಂಬಂಧಿಸಿದ, 15ನೇ ವರ್ಣತಂತುವಿನಲ್ಲಿರುವ ವಂಶವಾಹಿಯ ಒಂದು ಭೇದವನ್ನು ಹೊಂದಿರುವ ಧೂಮಪಾನಿಗಳು ಹೆಚ್ಚು ಸೇದುವುದು 2008ರ ಅಧ್ಯಯನಗಳಿಂದ ತಿಳಿದುಬಂದಿತು.

(ಆ) ಯಕೃತ್ತಿನ ಕಿಣ್ವಗಳು: ಕೆಲವರಲ್ಲಿ ಮದ್ಯವು ಕರಗುವಾಗ ಉಂಟಾಗುವ ವಿಷಕಾರಿ ಅಂಶ ಬೇಗ ಹೊರಹೋಗುವುದಿಲ್ಲ. ಅಂಥವರಿಗೆ ಮುಖ ಕೆಂಪಾಗಿ ವಾಕರಿಕೆ ಬರುವುದರಿಂದ ವ್ಯಸನದ ಅಪಾಯ ಕಡಿಮೆ. ಪೂರ್ವ ಏಷ್ಯಾದ ಜನರಲ್ಲಿ ಇದು ಸಾಮಾನ್ಯ.

(ಇ) ಕಡಿಮೆ ಅಮಲು: “ಎಷ್ಟು ಕುಡಿದರೂ ಏರುವುದಿಲ್ಲ” ಎಂಬುದನ್ನು ಗಟ್ಟಿತನವೆಂದು ಭಾವಿಸಲಾಗುತ್ತದೆ. ಅದು ವಾಸ್ತವವಾಗಿ ಅಪಾಯದ ಸೂಚನೆ. ಎಳೆವಯಸ್ಸಿನಲ್ಲಿಯೇ ಹೀಗಿರುವವರಲ್ಲಿ ಮುಂದೆ ಮದ್ಯವ್ಯಸನ ಬರುವ ಸಂಭವ ಹೆಚ್ಚು.

ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ಸಂಶೋಧಕರು, ಮದ್ಯವ್ಯಸನವಿರುವ ಕುಟುಂಬಗಳಲ್ಲಿ ಇನ್ನೂ ಮದ್ಯ ಮುಟ್ಟದವರ ಮಿದುಳಿನ ವಿದ್ಯುತ್ ಅಲೆಗಳಲ್ಲಿಯೂ ವ್ಯತ್ಯಾಸವಿರುವುದನ್ನು ದಾಖಲಿಸಿದ್ದಾರೆ.

1990ರಲ್ಲಿ ಡೋಪಮಿನ್ ಗ್ರಾಹಕವೊಂದರ ವಂಶವಾಹಿಯನ್ನು ಮದ್ಯವ್ಯಸನದೊಂದಿಗೆ ಜೋಡಿಸಿದ ವರದಿ ಪ್ರಕಟವಾದಾಗ “ಕುಡಿತದ ವಂಶವಾಹಿ” ಸಿಕ್ಕಿತೆಂಬ ಭಾವನೆ ಹರಡಿತು. ಆದರೆ ಅಂತಹ ಒಂದೇ ವಂಶವಾಹಿ ಇಲ್ಲ. ಅನೇಕ ವಂಶವಾಹಿಗಳು ತಲಾ ಅಲ್ಪ ಪ್ರಮಾಣದಲ್ಲಿ ಪರಿಣಾಮ ಬೀರುತ್ತವೆ. ಆದಕಾರಣ ಯಾರು ವ್ಯಸನಿಯಾಗುವರೆಂದು ರಕ್ತಪರೀಕ್ಷೆಯಿಂದ ಹೇಳಲಾಗದು. ಅಂತಹ ಪರೀಕ್ಷೆಗೆ ಹಣ ವ್ಯಯಿಸುವ ಅಗತ್ಯವಿಲ್ಲ.

4. ಪರಿಸರದ ಪಾಲು

ವಂಶದಲ್ಲಿ ಅಪಾಯವಿದ್ದರೂ ಪದಾರ್ಥವನ್ನು ಮುಟ್ಟದವರಿಗೆ ಅದರ ವ್ಯಸನ ಬರುವುದಿಲ್ಲ. ಸೇವನೆ ಆರಂಭವಾಗುವ ವಯಸ್ಸು ಕಡಿಮೆಯಾದಷ್ಟೂ ಅಪಾಯ ಹೆಚ್ಚು. ಸುಲಭವಾಗಿ ದೊರೆಯುವಿಕೆ, ಒಡನಾಟ, ಮನೆಯ ವಾತಾವರಣ ಇವೆಲ್ಲವೂ ಮುಖ್ಯ. ರಾಜ್ಯದಲ್ಲಿ 2007ರ ಜುಲೈ 1ರಿಂದ ಸಾರಾಯಿ ಮಾರಾಟವನ್ನೂ 2013ರಲ್ಲಿ ಗುಟ್ಕಾವನ್ನೂ ನಿಷೇಧಿಸಲಾಯಿತು. ವಯಸ್ಕರ ತಂಬಾಕು ಸಮೀಕ್ಷೆಗಳ ಪ್ರಕಾರ, ರಾಜ್ಯದಲ್ಲಿ ತಂಬಾಕು ಬಳಸುವವರ ಪ್ರಮಾಣವು 2009-10ರಲ್ಲಿ ಶೇ. 28.2ರಷ್ಟಿದ್ದು, 2016-17ರಲ್ಲಿ ಶೇ. 22.8ಕ್ಕೆ ಇಳಿಯಿತು. ಏಳು ವರ್ಷಗಳಲ್ಲಿ ಜನರ ವಂಶವಾಹಿಗಳು ಬದಲಾಗುವುದಿಲ್ಲ. ಬದಲಾದದ್ದು ಪರಿಸರ ಮತ್ತು ರೂಢಿ.

ತಂದೆ, ತಾಯಿ, ಅಜ್ಜ ಅಥವಾ ಸೋದರಮಾವನಿಗೆ ವ್ಯಸನವಿದ್ದ ಮನೆಯ ಮಕ್ಕಳಿಗೆ ಇದನ್ನು ಮುಚ್ಚಿಡದೆ, ಹೀಯಾಳಿಸದೆ ತಿಳಿಸುವುದು ಸೂಕ್ತ. ಮನೆಯಲ್ಲಿ ಸಕ್ಕರೆ ಕಾಯಿಲೆ ಇದ್ದರೆ ಎಚ್ಚರ ವಹಿಸುವಂತೆಯೇ ಇದೂ ಸಹ.

5. ಚಿಕಿತ್ಸೆ ಪಡೆಯುವ ವಿಧಾನ

ಮಿದುಳಿನ ರಸಾಯನದ ತಿಳಿವಳಿಕೆಯಿಂದಲೇ ಔಷಧಿಗಳು ದೊರೆತಿವೆ. ಉದಾಹರಣೆಗೆ, ನಾಲ್ಟ್ರೆಕ್ಸೋನ್ ಗುಳಿಗೆಯು ಮದ್ಯದಿಂದ ಬರುವ ಸುಖಾನುಭವದ ಗ್ರಾಹಕಗಳನ್ನು ತಡೆಯುತ್ತದೆ. ಆಪ್ತಸಮಾಲೋಚನೆಯೊಂದಿಗೆ ಇವುಗಳನ್ನು ವೈದ್ಯರ ಸಲಹೆಯಂತೆ ಮಾತ್ರ ಬಳಸತಕ್ಕದ್ದು.

• ಮೊದಲಿಗೆ ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರ ಅಥವಾ ತಾಲ್ಲೂಕು ಸಾರ್ವಜನಿಕ ಆಸ್ಪತ್ರೆಯನ್ನು ಸಂಪರ್ಕಿಸುವುದು.
• ಅಗತ್ಯವಿದ್ದಲ್ಲಿ ಬಾಗಲಕೋಟೆಯ ಜಿಲ್ಲಾ ಆಸ್ಪತ್ರೆ ಅಥವಾ ಧಾರವಾಡದ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನಗಳ ಸಂಸ್ಥೆಗೆ (ಡಿಮ್ಹಾನ್ಸ್) ಹೋಗಬಹುದಾಗಿದೆ.
• ಹಿಂದಿನ ಚಿಕಿತ್ಸೆಯ ಚೀಟಿಗಳನ್ನು ಒಯ್ಯುವುದು. ಕುಟುಂಬದಲ್ಲಿ ಯಾರಿಗೆ, ಯಾವ ವಯಸ್ಸಿನಿಂದ ವ್ಯಸನವಿತ್ತು ಎಂಬುದನ್ನು ವೈದ್ಯರಿಗೆ ತಿಳಿಸುವುದು. ಯಾವ ಪರೀಕ್ಷೆಗಿಂತಲೂ ಈ ಮಾಹಿತಿ ಉಪಯುಕ್ತ.
• ಉಚಿತ ದೂರವಾಣಿ: ಟೆಲಿ-ಮಾನಸ್ 14416 (ದಿನದ 24 ಗಂಟೆ), ವ್ಯಸನಮುಕ್ತಿ ಸಹಾಯವಾಣಿ 14446, ತಂಬಾಕು ತ್ಯಜಿಸಲು 1800-11-2356.

6. ಕಾನೂನಿನ ರಕ್ಷಣೆ

ಮಾನಸಿಕ ಆರೋಗ್ಯ ಆರೈಕೆ ಅಧಿನಿಯಮ, 2017ರ ವ್ಯಾಖ್ಯೆಯಲ್ಲಿ ಮದ್ಯ ಹಾಗೂ ಮಾದಕ ಪದಾರ್ಥಗಳ ದುರ್ಬಳಕೆಗೆ ಸಂಬಂಧಿಸಿದ ಮಾನಸಿಕ ಸ್ಥಿತಿಗಳೂ ಸೇರಿವೆ. ರೋಗಿಯ ವಿವರಗಳನ್ನು ಗೌಪ್ಯವಾಗಿಡತಕ್ಕದ್ದು. ಬಡತನ ರೇಖೆಗಿಂತ ಕೆಳಗಿರುವವರು, ಅದರ ಪಡಿತರ ಚೀಟಿ ಇಲ್ಲದಿದ್ದರೂ, ಸರ್ಕಾರಿ ಮಾನಸಿಕ ಆರೋಗ್ಯ ಸಂಸ್ಥೆಗಳಲ್ಲಿ ಉಚಿತ ಚಿಕಿತ್ಸೆಗೆ ಅರ್ಹರಾಗಿರುತ್ತಾರೆ.

ವಿಶೇಷ ಸೂಚನೆ: ದೀರ್ಘಕಾಲ ನಿತ್ಯ ಕುಡಿಯುತ್ತಿದ್ದವರು ಏಕಾಏಕಿ ನಿಲ್ಲಿಸಿದಲ್ಲಿ ಮೂರ್ಛೆ, ಭ್ರಮೆ ಹಾಗೂ ಪ್ರಾಣಾಪಾಯ ಉಂಟಾಗಬಹುದು. ಆದುದರಿಂದ ಮನೆಯಲ್ಲಿ ಕೂಡಿಹಾಕಿ ಬಿಡಿಸುವ ಪ್ರಯತ್ನ ಮಾಡಬಾರದು. ಕುಡಿತ ನಿಲ್ಲಿಸುವ ಮೊದಲೇ ವೈದ್ಯರನ್ನು ಕಾಣತಕ್ಕದ್ದು. ಸಾರ್ವಜನಿಕರು ಸಂಕೋಚಪಡದೆ ಈ ಸೌಲಭ್ಯಗಳ ಸದುಪಯೋಗ ಪಡೆದುಕೊಳ್ಳಬೇಕೆಂದು ಕೋರಲಾಗಿದೆ.